ಬೆಟ್ಟದ ಮೇಲೊಂದು ಕೆಸರುಗದ್ದೆ

ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಸಂಸೆ, ಕಳಸದ ಕಡೆಯ ಕಣಿವೆಗಳಲ್ಲಿ ಒಂದೇ ಕೆಲಸ ಎರಡು ಕಡೆ ಶುರುವಾಗುತ್ತದೆ. ಕೆಳಗೆ ಗದ್ದೆಗಳಲ್ಲಿ ನೀರು ಕಟ್ಟಿ, ಟಿಲ್ಲರ್ ಓಡಿಸಿ, ಮಣ್ಣನ್ನು ಅಂಬಲಿಯ ಹದಕ್ಕೆ ತರುತ್ತಾರೆ. ಮೇಲೆ, ಮುಳ್ಳೋಡಿಯಿಂದ ಕುದುರೆಮುಖದ ನೆತ್ತಿಗೆ ಹೋಗುವ ಕಾಲುದಾರಿಯಲ್ಲಿ, ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಗಿನ ಜಾವ ಜೀಪಿನಲ್ಲಿ ಕುಲುಕಾಡುತ್ತ ಬಂದ ಮಂದಿ ಅದೇ ಕೆಲಸವನ್ನು ಬೂಟುಗಾಲಿನಲ್ಲಿ ಮಾಡುತ್ತಾರೆ. ಗದ್ದೆಯವರಿಗೆ ತಾವು ಮಾಡುತ್ತಿರುವುದೇನೆಂದು ಗೊತ್ತು. ಅಂಚು ಎಲ್ಲಿದೆ, ಎಲ್ಲಿಗೆ ನಿಲ್ಲಿಸಬೇಕು ಅನ್ನುವುದೂ ಗೊತ್ತು. ಬೆಟ್ಟ ಹತ್ತುವವರಿಗೆ ಇವೆರಡೂ ಗೊತ್ತಿರುವುದಿಲ್ಲ. ಬಟ್ಟೆ ಕೊಳೆಯಾಗದಂತೆ, ಸಾಕ್ಸ್ ನೆನೆಯದಂತೆ, ಪಕ್ಕದ ಹುಲ್ಲಿನ ಮೇಲೆ ಕಾಲಿಟ್ಟು ದಾಟಿಬಿಡುವುದು ಅವರಿಗೆ ಜಾಣತನವಾಗಿಯೂ ಬೆಟ್ಟಕ್ಕೆ ತೋರುವ ಮರ್ಯಾದೆಯಾಗಿಯೂ ಕಾಣುತ್ತದೆ. ನನ್ನ ತಕರಾರು ಇರುವುದು ಈ ಜಾಣತನದ ಬಗ್ಗೆಯೇ. ಮಳೆಗಾಲದಲ್ಲಿ ಬೆಟ್ಟದ ದಾರಿಯನ್ನು ಕೆಡಿಸುವುದರಲ್ಲಿ ಕೆಸರಿಗಿಳಿದ ಕಾಲಿಗಿಂತ ಕೆಸರು ತಪ್ಪಿಸಿಕೊಂಡ ಕಾಲಿನ ಪಾಲೇ ದೊಡ್ಡದು.

ಈ ದಾರಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಳ್ಳೋಡಿಯಿಂದ ಸುಮಾರು 1,890 ಮೀಟರ್ ಎತ್ತರದ ತುದಿಗೆ ಹತ್ತು ಕಿಲೋಮೀಟರಿನ ಆಸುಪಾಸು ನಡಿಗೆ. ಮೊದಲು ಹಳ್ಳಗಳು, ಶೋಲಾ ಕಾಡಿನ ತುಂಡುಗಳು, ನಡುನಡುವೆ ಹುಲ್ಲಿನ ಬೋರೆಗಳು. ಒಂಟಿಮರ ದಾಟಿದ ಮೇಲೆ ಆಕಾಶ ಬಿಚ್ಚಿಕೊಳ್ಳುತ್ತದೆ, ಅಂದರೆ ಮಂಜು ಬಿಟ್ಟುಕೊಟ್ಟರೆ. ಶೋಲಾ ಕಾಡು ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಬೆಳೆಯುತ್ತದೆ, ಬೆನ್ನೆಲ್ಲ ಹುಲ್ಲು. ಹಾಗಾಗಿ ದಾರಿ ಪದೇಪದೇ ಮಡಿಕೆಗಿಳಿದು ಮತ್ತೆ ಬೆನ್ನಿಗೆ ಹತ್ತುತ್ತದೆ. ಕೆಸರು ಹೆಚ್ಚಾಗಿ ಕೂಡುವುದು ಈ ಎರಡರ ಸಂಧಿಯಲ್ಲಿ, ಕಾಡು ಮುಗಿದು ಹುಲ್ಲು ಶುರುವಾಗುವ ಮೆಟ್ಟಿಲಲ್ಲಿ. ಅಂಥ ಒಂದು ಜಾಗವನ್ನು ಬಗ್ಗಿ ನೋಡಿದರೆ ಅದರ ಚರಿತ್ರೆಯೆಲ್ಲ ಅಲ್ಲೇ ಬರೆದಿರುತ್ತದೆ. ನಡುವೆ ಹಳೆಯ ದಾರಿ, ಈಗ ಒಂದು ಗುಳಿ. ಅದರ ಎಡಕ್ಕೆ ಎರಡನೆಯ ದಾರಿ, ಅದೂ ಗುಳಿ. ಬಲಕ್ಕೆ ಮೂರನೆಯದು, ಹುಲ್ಲು ಮಲಗಿ ಬೇರು ಮೇಲೆದ್ದದ್ದು. ಅದರಾಚೆ ನಾಲ್ಕನೆಯದು, ಹುಲ್ಲಿನ ತುದಿ ಈಗಷ್ಟೇ ಬಾಗಿರುವುದು. ಎರಡು ಗುಳಿಗಳ ನಡುವೆ ಉಳಿದುಕೊಂಡ ಹುಲ್ಲುಗಡ್ಡೆ ಸಣ್ಣ ದ್ವೀಪದ ಹಾಗೆ ನಿಂತಿರುತ್ತದೆ, ಅದರ ಅಂಚಿನಿಂದ ಬೇರುಗಳು ಹಳೆಯ ಚಾಪೆಯ ಎಳೆಗಳಂತೆ ಜೋತಾಡುತ್ತವೆ. ಕೊಯ್ದಂತಾದ ಅಂಚಿನಲ್ಲಿ ಮಣ್ಣಿನ ಪದರವೂ ಕಾಣುತ್ತದೆ: ಮೇಲೆ ಗೇಣುದ್ದವೂ ಇಲ್ಲದ ಕಪ್ಪು, ಕೆಳಗೆ ಕೆಂಪು. ಬೂಟಿನ ಗುರುತುಗಳಲ್ಲಿ ನಿಂತ ನೀರಿನ ಮೇಲೆ ಕೆಲವೊಮ್ಮೆ ಎಣ್ಣೆಯಂಥ ಬಣ್ಣದ ಪೊರೆ. ಜೀಪಿನ ಡೀಸೆಲ್ ಇಲ್ಲಿಗೂ ಬಂತೇ ಎಂದು ಬೈಯುವವರಿದ್ದಾರೆ. ಕಬ್ಬಿಣ ತುಂಬಿದ ಮಣ್ಣಿನಲ್ಲಿ ನೀರು ಕಟ್ಟಿಕೊಂಡರೆ ಒಂದು ಜಾತಿಯ ಬ್ಯಾಕ್ಟೀರಿಯಾ ಇಂಥ ಪೊರೆ ಕಟ್ಟುತ್ತದೆ. ಕಡ್ಡಿಯಿಂದ ಮುಟ್ಟಿದರೆ ಎಣ್ಣೆಯಂತೆ ಮತ್ತೆ ಕೂಡಿಕೊಳ್ಳದೆ ಹಾಳೆಯಂತೆ ಒಡೆಯುತ್ತದೆ. ನೀರು ಇಲ್ಲಿ ಇಂಗುತ್ತಿಲ್ಲ, ಹರಿಯುತ್ತಲೂ ಇಲ್ಲ, ಕೂತಿದೆ ಅನ್ನುವುದಕ್ಕೆ ಆ ಪೊರೆಯೇ ಸಾಕ್ಷಿ.

ಯಾಕೆ ಕೂತಿದೆ? ಇದಕ್ಕೆ ಗದ್ದೆಯವರ ಬಳಿ ಉತ್ತರವಿದೆ. ಭತ್ತದ ಗದ್ದೆಯಲ್ಲಿ ನೀರು ನಿಲ್ಲಬೇಕಾದರೆ ನೆನೆದ ಮಣ್ಣನ್ನು ಮತ್ತೆ ಮತ್ತೆ ಉಳಬೇಕು, ತುಳಿಯಬೇಕು. ಒಣಗಿದ ಮಣ್ಣಿನಲ್ಲಿ ಕಣಗಳು ಉಂಡೆ ಉಂಡೆಯಾಗಿ ಅಂಟಿಕೊಂಡು ನಡುವೆ ಸಂದು ಉಳಿಸಿರುತ್ತವೆ, ನೀರು ಆ ಸಂದಿನಲ್ಲಿ ಇಳಿದುಹೋಗುತ್ತದೆ. ನೆನೆದಾಗ ಕಲಕಿದರೆ ಉಂಡೆ ಒಡೆದು, ನುಣ್ಣನೆಯ ಕಣಗಳು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ವರ್ಷ ವರ್ಷ ಹೀಗೆ ಮಾಡಿದರೆ ಉಳುಮೆಯ ಆಳದ ಕೆಳಗೆ ಗಟ್ಟಿ ಪದರವೊಂದು ಕೂತು, ಗದ್ದೆ ಬಾನಿಯಂತೆ ನೀರು ಹಿಡಿಯುತ್ತದೆ. ನಾಟಿಗೆ ಇದು ವರ. ಬೆಟ್ಟದ ದಾರಿಯಲ್ಲೂ ನಡೆಯುವುದು ಅಕ್ಷರಶಃ ಇದೇ, ಆದರೆ ಅಲ್ಲಿ ಯಾರೂ ಸಸಿ ನೆಡುವುದಿಲ್ಲ. ಬೂಟು ಒತ್ತಿದಷ್ಟೂ ನೀರು ಇಂಗುವುದು ನಿಲ್ಲುತ್ತದೆ, ನೀರು ನಿಂತಷ್ಟೂ ಮಣ್ಣು ಮೆತ್ತಗಾಗುತ್ತದೆ, ಮೆತ್ತಗಾದಷ್ಟೂ ಮುಂದಿನ ಬೂಟು ಆಳಕ್ಕೆ ಇಳಿಯುತ್ತದೆ. ಸಮತಟ್ಟಿನಲ್ಲಿ ಇದು ಗುಳಿಯಾಗುತ್ತದೆ. ಇಳಿಜಾರಿನಲ್ಲಾದರೆ, ಸುತ್ತಲಿನ ನೆಲಕ್ಕಿಂತ ತಗ್ಗಾದ ದಾರಿಯೇ ಕಾಲುವೆ. ಮೇಲಿನಿಂದ ಬಂದ ನೀರು ಹುಲ್ಲಿನಲ್ಲಿ ಚದುರಿಹೋಗುವ ಬದಲು ದಾರಿಗೆ ಬಿದ್ದು, ದಾರಿಯುದ್ದಕ್ಕೂ ಓಡಿ, ಕಪ್ಪು ಮಣ್ಣನ್ನೆಲ್ಲ ತೊಳೆದುಕೊಂಡು ಕೆಳಗಿನ ಹಳ್ಳಕ್ಕೆ ಕೊಡುತ್ತದೆ. ಸಂಜೆ ಇಳಿಯುವ ಹೊತ್ತಿಗೆ ದಾರಿ ಯಾವುದು, ಹಳ್ಳ ಯಾವುದು ಎಂದು ಹೇಳುವುದು ಕಷ್ಟ.

ಹಾಗಾದರೆ ನಡುವೆಯೇ ನಡೆದರೆ ಇನ್ನಷ್ಟು ಕೆಡುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೆಡುತ್ತದೆ, ಆದರೆ ನಾವು ಅಂದುಕೊಂಡಷ್ಟಲ್ಲ. ತುಳಿತದ ಬಗ್ಗೆ ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಡೇವಿಡ್ ಕೋಲ್ ಮತ್ತು ಅವರಂಥ ಇತರರು ವರ್ಷಗಟ್ಟಲೆ ಪ್ರಯೋಗ ನಡೆಸಿ ಕಂಡುಕೊಂಡ ಒಂದು ಸಂಗತಿ ಇಲ್ಲಿ ಬಹಳ ಮುಖ್ಯ. ಹೊಸ ನೆಲದ ಮೇಲೆ ಮೊದಲು ಬೀಳುವ ಕೆಲವೇ ಹೆಜ್ಜೆಗಳು ಅತಿ ಹೆಚ್ಚು ಹಾನಿ ಮಾಡುತ್ತವೆ, ಆಮೇಲಿನ ಒಂದೊಂದು ಹೆಜ್ಜೆಯ ಹಾನಿ ಕಡಿಮೆಯಾಗುತ್ತ ಹೋಗುತ್ತದೆ. ಈಗಾಗಲೇ ರಾಡಿಯಾದ ನೆಲದಲ್ಲಿ ಸಾವಿರದ ಒಂದನೆಯ ಕಾಲು ಹೊಸದಾಗಿ ಕೆಡಿಸುವುದು ಅಲ್ಪ, ಅದೇ ಕಾಲು ಪಕ್ಕದ ತಾಜಾ ಹುಲ್ಲಿನ ಮೇಲೆ ಬಿದ್ದರೆ ಅದು ಅಲ್ಲಿಗೆ ಮೊದಲನೆಯ ಕಾಲು. ಸ್ಕಾಟ್ಲೆಂಡಿನ ಬೆಟ್ಟದ ಕಾಲುದಾರಿಗಳನ್ನು ಅಳೆದು ನೀಲ್ ಬೇಫೀಲ್ಡ್ 1973ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹೊಂದುತ್ತದೆ. ಒದ್ದೆಯಾದ, ಒರಟಾದ ಕಡೆಗಳಲ್ಲಿ ದಾರಿ ಅಗಲವಾಗುತ್ತದೆ, ಯಾಕೆಂದರೆ ಜನ ಒದ್ದೆಯನ್ನೂ ಒರಟನ್ನೂ ಬಿಟ್ಟು ಬದಿಗೆ ಸರಿಯುತ್ತಾರೆ. ಮಲೆನಾಡಿನವರಿಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಮೀಟರ್ ಅಗಲದ ಹತ್ತು ಕಿಲೋಮೀಟರ್ ದಾರಿಯೆಂದರೆ ಸುಮಾರು ಎರಡೂವರೆ ಎಕರೆ ಬರಡು ನೆಲ. ಅದೇ ನಾಲ್ಕು ಮೀಟರಿಗೆ ಹರಡಿದರೆ ಹತ್ತು ಎಕರೆ. ನಡೆದವರ ಸಂಖ್ಯೆ ಅಷ್ಟೇ, ತುದಿಯೂ ಅದೇ, ತೋಟದಷ್ಟು ಹುಲ್ಲುಗಾವಲು ಮಾತ್ರ ಹೋಯಿತು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದೇ ಸಾಲಿನ ಉತ್ತರಕ್ಕಿರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಬೆಂಗಳೂರಿಗೆ ಬೀಳುವುದರ ಏಳು ಪಟ್ಟಿಗೂ ಮಿಕ್ಕಿ. ಅಷ್ಟು ನೀರಿನ ಎದುರು ಮನುಷ್ಯನ ಪಾದ ಯಾವ ಲೆಕ್ಕ? ಅದಲ್ಲದೆ ಇದೇ ಕುದುರೆಮುಖದಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿ ನಡೆಯಿತು. ಭದ್ರೆಗೆ ಹೂಳು ಸೇರುತ್ತಿದೆ ಎಂಬುದು ಅದರ ವಿರುದ್ಧದ ಹೋರಾಟದ ಮುಖ್ಯ ವಾದಗಳಲ್ಲೊಂದಾಗಿತ್ತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಬೆಟ್ಟವನ್ನೇ ಕೊರೆದವರ ಮುಂದೆ ಬೂಟಿನ ಗುಳಿಯ ಬಗ್ಗೆ ಮಾತಾಡುವುದು ಆನೆ ಹೋದ ಬಾಗಿಲಲ್ಲಿ ಇರುವೆ ಹಿಡಿದಂತೆ ಅಲ್ಲವೇ? ಪ್ರಮಾಣದ ಮಾತಾದರೆ ಒಪ್ಪಿದೆ, ಗಣಿಗೂ ಬೂಟಿಗೂ ಹೋಲಿಕೆಯೇ ಇಲ್ಲ. ಆದರೆ ಗಣಿಯನ್ನು ನಿಲ್ಲಿಸಲು ಕೋರ್ಟಿತ್ತು. ಬೂಟು ಪರವಾನಗಿ ಪಡೆದು, ಪ್ರಕೃತಿಪ್ರೇಮದ ಹೆಸರಿನಲ್ಲಿ, 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನದ ಒಳಗೇ ಬರುತ್ತದೆ. ಇನ್ನು ಮಳೆಯ ಮಾತು. ಅಷ್ಟು ಮಳೆ ಸಾವಿರಾರು ವರ್ಷಗಳಿಂದ ಸುರಿಯುತ್ತಿದ್ದರೂ ಆ ಬೋರೆಗಳ ಮೇಲೆ ಕಪ್ಪು ಮಣ್ಣು ಉಳಿದುಕೊಂಡಿದೆ ಅನ್ನುವುದನ್ನು ಮೊದಲು ಗಮನಿಸಬೇಕು. ಹುಲ್ಲಿನ ಎಲೆ ಹನಿಯ ಪೆಟ್ಟು ತಿನ್ನುತ್ತದೆ, ಬೇರಿನ ಬಲೆ ಮಣ್ಣನ್ನು ಹಿಡಿಯುತ್ತದೆ. ಮಳೆ ಅಲ್ಲಿ ಮೊದಲೂ ಇತ್ತು, ಬಲೆಯಲ್ಲಿ ತೂತು ಬಿದ್ದದ್ದು ಆಮೇಲೆ. ಮಳೆ ಹೆಚ್ಚಿರುವ ಕಡೆ ತೂತಿನ ಬೆಲೆಯೂ ಹೆಚ್ಚು, ಆದ್ದರಿಂದ 7,000 ಮಿಲಿಮೀಟರ್ ಅನ್ನುವುದು ನನ್ನ ವಾದಕ್ಕೆ ವಿರುದ್ಧವಾದ ಸಾಕ್ಷಿಯಲ್ಲ.

ದನಗಳ ವಿಚಾರವನ್ನೂ ಎತ್ತುತ್ತಾರೆ. ಈ ಹುಲ್ಲುಗಾವಲುಗಳಲ್ಲಿ ತಲೆತಲಾಂತರದಿಂದ ದನ ಮೇದಿವೆ, ಗೊರಸು ಬೂಟಿಗಿಂತ ಹೆಚ್ಚು ಒತ್ತುತ್ತದೆ, ಆಗ ಹಾಳಾಗದ ಬೆಟ್ಟ ಈಗ ಹಾಳಾಯಿತೇ? ಗೊರಸಿನ ಒತ್ತಡದ ಮಾತು ನಿಜ. ಆದರೆ ದನ ನಡೆಯುವ ಕ್ರಮ ಬೇರೆ. ಅದಕ್ಕೆ ತುದಿ ತಲುಪುವ ಹಟವಿಲ್ಲ, ಇಳಿಜಾರಿಗೆ ಅಡ್ಡಡ್ಡವಾಗಿ, ಉಸಿರು ಕಟ್ಟದ ಹಾಗೆ, ಸಪೂರ ಜಾಡಿನಲ್ಲಿ ಹೋಗುತ್ತದೆ. ಮಲೆನಾಡಿನ ಬೋರೆಗಳ ಮೇಲೆ ಪಟ್ಟೆ ಪಟ್ಟೆಯಾಗಿ ಕಾಣುವ ಆ ಜಾಡುಗಳು ನೀರನ್ನು ಅಡ್ಡ ಹಾಯಿಸುತ್ತವೆ, ಕೆಳಮುಖವಾಗಿ ಓಡಿಸುವುದಿಲ್ಲ. ಅಡ್ಡ ಸುತ್ತುವುದು ಬೇಸರವೆಂದು ಸೀದಾ ನೆತ್ತಿಗೆ ಗೆರೆ ಎಳೆಯುವವನು ಮನುಷ್ಯ ಮಾತ್ರ. ದಾರಿ ಕಟ್ಟುವವರಲ್ಲಿ ಒಂದು ನಿಯಮವಿದೆ: ಬೆಟ್ಟದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ದಾರಿಯ ಏರು ಹೆಚ್ಚಿರಬಾರದು, ಹೆಚ್ಚಿದರೆ ನೀರು ದಾರಿಯನ್ನು ದಾಟಿಹೋಗುವ ಬದಲು ದಾರಿಯನ್ನೇ ಹಿಡಿಯುತ್ತದೆ. ದನ ಈ ನಿಯಮವನ್ನು ಯಾರಿಂದಲೂ ಕಲಿತಿಲ್ಲ. ಮಳೆಗಾಲದಲ್ಲಿ ಹುಲ್ಲು ತಾನಾಗಿ ಚಿಗುರಿಕೊಳ್ಳುತ್ತದೆ ಎಂಬ ಸಮಾಧಾನಕ್ಕೂ ಹೆಚ್ಚು ಬಲವಿಲ್ಲ. ಬೇರು ಉಳಿದಿದ್ದರೆ ಚಿಗುರು ಬರುತ್ತದೆ. ಬೇರಿಗೆ ನಿಲ್ಲಲು ಮಣ್ಣೇ ಇಲ್ಲದ ಕಡೆ ಮುಂದಿನ ವರ್ಷ ಬರುವುದು ಯುಪಟೋರಿಯಂ ತರಹದ ಕಳೆ, ಅದರ ಬೀಜವೂ ಬೂಟಿನ ಕೆಸರಿಗೆ ಅಂಟಿಕೊಂಡು ಬಂದಿರುವ ಸಾಧ್ಯತೆ ಇದೆ.

ಉಳಿದದ್ದು ಅಪಾಯದ ಮಾತು. ಕೆಸರಿನ ಆಳ ಗೊತ್ತಾಗುವುದಿಲ್ಲ, ಒಳಗೆ ಕಲ್ಲಿರಬಹುದು, ಪಾದ ಹೊರಳಬಹುದು, ಪಕ್ಕದ ಹುಲ್ಲಾದರೆ ಕಣ್ಣಿಗೆ ಕಾಣುತ್ತದೆ ಎಂಬುದು. ಹಳ್ಳ ಉಕ್ಕಿದ್ದರೆ ಈ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಉಕ್ಕಿದ ಹಳ್ಳಕ್ಕೆ ಇಳಿಯಬಾರದು, ಪಕ್ಕದಿಂದಲೂ ದಾಟಬಾರದು, ಹಿಂದಕ್ಕೆ ಬರಬೇಕು. ಕೆಸರಿನ ವಿಚಾರ ಹಾಗಲ್ಲ. ಇಲ್ಲಿನ ಮಣ್ಣು ತೆಳು, ಕೆಳಗೆ ಕಲ್ಲು, ಆದ್ದರಿಂದ ಬಹುಪಾಲು ಗುಳಿಗಳು ಮೀನಖಂಡ ಮೀರುವುದಿಲ್ಲ. ಕೈಯಲ್ಲೊಂದು ಕೋಲಿದ್ದರೆ ಆಳ ಗೊತ್ತಾಗುತ್ತದೆ. ಜಾರುವ ಅಪಾಯ ನಿಜವಾಗಿ ಹೆಚ್ಚಿರುವುದು ಅಂಚಿನಲ್ಲಿ. ಮಲಗಿದ ಒದ್ದೆ ಹುಲ್ಲು, ಅದರಡಿಯಲ್ಲಿ ವಾಲಿದ ನೆಲ, ದೇಹದ ಭಾರ ಒಂದೇ ಪಾದದ ಪಕ್ಕೆಯ ಮೇಲೆ. ಗುಳಿಯ ನಡುವೆ ಪಾದ ಕೆಳಕ್ಕೆ ಇಳಿದು ತಳ ಕಂಡುಕೊಳ್ಳುತ್ತದೆ, ಅಂಚಿನಲ್ಲಾದರೆ ಅದಕ್ಕೆ ಊರಲು ಏನೂ ಸಿಗುವುದಿಲ್ಲ. ಉಂಬಳದ ಲೆಕ್ಕದಲ್ಲೂ ಇದೇ ಮಾತು. ಬಟ್ಟೆ ಉಳಿಸಲು ಹುಲ್ಲಿಗೆ ಸರಿದವರಿಗೆ ಹುಲ್ಲಿನ ತುದಿಯಲ್ಲಿ ತಲೆಯೆತ್ತಿ ಕಾದಿರುವ ಉಂಬಳಗಳೆಲ್ಲ ಸಿಗುತ್ತವೆ. ಹೀಗೆ ಪಕ್ಕಕ್ಕೆ ಸರಿದು ಉಳಿಸಿಕೊಂಡದ್ದು ಎಂದರೆ ಒಂದು ಜೊತೆ ಸಾಕ್ಸ್, ಅದೂ ಅರ್ಧ ಗಂಟೆಯ ಮಟ್ಟಿಗೆ, ಮುಂದಿನ ಹಳ್ಳದಲ್ಲಿ ಅದು ಹೇಗೂ ನೆನೆಯುವುದೇ. ನೀರು ನುಗ್ಗದ ಬೂಟೆಂದು ಸಾವಿರಗಟ್ಟಲೆ ಕೊಟ್ಟು ಕೊಂಡವರೇ ಕೆಸರಿಗೆ ಹೆಚ್ಚು ಹೆದರುತ್ತಾರೆ ಎಂಬುದು ನನ್ನ ಗುಮಾನಿ. ಎಸ್ಟೇಟಿನ ಕೆಲಸಕ್ಕೆ ಗಂಬೂಟು ಹಾಕಿ ಹೋಗುವವರು ಕೆಸರನ್ನು ನೋಡಿ ನಿಲ್ಲುವುದೂ ಇಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಮಳೆಗಾಲದಲ್ಲಿ ದಾರಿ ಮುಚ್ಚಿಬಿಟ್ಟರಾಯಿತು ಎನ್ನುವವರಿಗೆ ಅಮೆರಿಕದ ವರ್ಮಾಂಟ್ ರಾಜ್ಯದ ಉದಾಹರಣೆ ಸಿಗುತ್ತದೆ. ಅಲ್ಲಿ ಹಿಮ ಕರಗುವ ಏಪ್ರಿಲ್, ಮೇ ತಿಂಗಳುಗಳಿಗೆ ಕೆಸರು ಋತು ಎಂದೇ ಹೆಸರು. ಮೇ ಕೊನೆಯ ಸೋಮವಾರದ ತನಕ ಎತ್ತರದ ದಾರಿಗಳಿಗೆ ಹೋಗಬೇಡಿ ಎಂದು ಅಲ್ಲಿನ ಗ್ರೀನ್ ಮೌಂಟನ್ ಕ್ಲಬ್ ಕೇಳಿಕೊಳ್ಳುತ್ತದೆ. ಅದರ ನಂತರ ಬರುವ ಜೂನ್, ಜುಲೈ ಅವರಿಗೆ ಬೇಸಿಗೆ. ಬೇಸಿಗೆಯಲ್ಲೂ ಕೆಸರು ಸಿಕ್ಕರೆ ಸುತ್ತಿ ಹೋಗದೆ ನಡುವೆ ನಡೆಯಿರಿ ಎಂಬುದು ಅವರು ಕೊಡುವ ಸಲಹೆ. ನಮ್ಮಲ್ಲಿ ಅದೇ ಜೂನ್, ಜುಲೈ ಮಳೆಗಾಲ, ಮತ್ತು ನಮ್ಮ ಕ್ರಮ ತಿರುಗುಮುರುಗು. ಬೇಸಿಗೆಯಲ್ಲಿ, ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುವಾಗ, ಅರಣ್ಯ ಇಲಾಖೆ ಕುದುರೆಮುಖದ ಚಾರಣ ನಿಲ್ಲಿಸುತ್ತದೆ. ಮಳೆ ಬಿದ್ದು ಬೆಂಕಿಯ ಭಯ ಹೋದಾಗ ತೆರೆಯುತ್ತದೆ. ಅಂದರೆ ನೆಲ ಗಟ್ಟಿಯಾಗಿದ್ದಾಗ ಬಾಗಿಲು ಮುಚ್ಚಿರುತ್ತದೆ, ನೆಲ ಅತಿ ಮೆತ್ತಗಾದಾಗ ತೆರೆದಿರುತ್ತದೆ. ಇದನ್ನು ಮೂರ್ಖತನವೆಂದು ನಾನು ಹೇಳಲಾರೆ. ಒಂದು ಬೆಂಕಿಕಡ್ಡಿ ಒಂದು ಮಧ್ಯಾಹ್ನದಲ್ಲಿ ಮಾಡುವ ನಾಶವನ್ನು ಬೂಟುಗಳು ಹತ್ತು ಮಳೆಗಾಲದಲ್ಲೂ ಮಾಡಲಾರವು, ಹಾಗಾಗಿ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಇಲಾಖೆ ಆರಿಸಿದ್ದೇ ಸರಿ. ಮಳೆಗಾಲವನ್ನೂ ಮುಚ್ಚಿದರೆ ಉಳಿಯುವುದು ನವೆಂಬರಿನಿಂದ ಜನವರಿಯವರೆಗಿನ ಮೂರೇ ತಿಂಗಳು. ಬಾಳೆಗಲ್ಲು, ಸಂಸೆಯ ಹೋಮ್‌ಸ್ಟೇಗಳು, ಜೀಪಿನವರು, ದಾರಿ ತೋರಿಸುವ ಹುಡುಗರು ಎಲ್ಲರ ವರ್ಷದ ದುಡಿಮೆ ಅಷ್ಟರಲ್ಲೇ ಮುಗಿಯಬೇಕು, ಚಾರಣಿಗರ ಗುಂಪೂ ಅಷ್ಟರಲ್ಲೇ ನುಗ್ಗಬೇಕು.

ಗುಂಪು ನುಗ್ಗಿದರೆ ಏನಾಗುತ್ತದೆಂದು 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತ ತೋರಿಸಿತು. ಸಾವಿರಾರು ಮಂದಿ ಒಟ್ಟಿಗೆ ಬಂದು ದಾರಿಯೇ ಜಾತ್ರೆಯಾಯಿತು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಒಂದು ಚಾರಣಪಥಕ್ಕೆ ದಿನಕ್ಕೆ ಗರಿಷ್ಠ 300 ಜನ ಎಂಬ ಮಿತಿ ಹಾಕಿತು. ಮಿತಿ ಬೇಕಿತ್ತು, ಬಂತು, ಒಳ್ಳೆಯದೇ. ಆದರೆ ಅದು ತಲೆಯ ಲೆಕ್ಕ, ಕಾಲಿನ ಲೆಕ್ಕವಲ್ಲ. ಹತ್ತು ಕಿಲೋಮೀಟರ್ ಹೋಗಲು ಒಬ್ಬರಿಗೆ ಹದಿನಾರು ಸಾವಿರ ಹೆಜ್ಜೆ ಬೇಕೆಂದು ಇಟ್ಟುಕೊಂಡರೆ, 300 ಮಂದಿ ಹೋಗಿ ಬಂದ ಒಂದೇ ದಿನಕ್ಕೆ 96 ಲಕ್ಷ ಹೆಜ್ಜೆಗಳಾಗುತ್ತವೆ. ಇವು ಒಂದೇ ಜಾಡಿನಲ್ಲಿ ಬಿದ್ದರೆ ಬೆಟ್ಟಕ್ಕೆ ಒಂದು ಗೀರು. ಇವುಗಳಲ್ಲಿ ಹತ್ತಕ್ಕೊಂದು ಪಕ್ಕಕ್ಕೆ ಬಿದ್ದರೂ ಸಾಕು, ಒಂದು ಶನಿವಾರ, ಭಾನುವಾರದಲ್ಲಿ ಐದನೆಯ ದಾರಿ ಹುಟ್ಟುತ್ತದೆ. ಮೊದಲ ಕಾಲುಗಳೇ ಹೆಚ್ಚು ಕೆಡಿಸುತ್ತವೆ ಎಂಬುದು ನಿಜವಾದರೆ, 300ನ್ನು 150ಕ್ಕೆ ಇಳಿಸುವುದರಿಂದ ಸಿಗುವ ಲಾಭಕ್ಕಿಂತ, ಇರುವ 300 ಮಂದಿಯನ್ನು ಒಂದು ಮೀಟರಿನೊಳಗೆ ನಡೆಸುವುದರಿಂದ ಸಿಗುವ ಲಾಭ ದೊಡ್ಡದು. ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ಬಾಟಲಿ ಎಣಿಸುವಾಗಲೇ ಇನ್ನೊಂದು ಮಾತು ಹೇಳಿ ಕಳಿಸಬಹುದು, ಅದಕ್ಕೆ ಖರ್ಚೇನೂ ಇಲ್ಲ: ಕೆಸರು ಬಂದರೆ ನಡುವೆ ಇಳಿಯಿರಿ, ಒಬ್ಬರ ಹಿಂದೆ ಒಬ್ಬರು.

ಬರೀ ಮಾತಿನಿಂದ ಇದು ಆಗುವುದಿಲ್ಲ ಎಂದರೆ ಅದನ್ನೂ ಒಪ್ಪುತ್ತೇನೆ. ನಡುವಿನ ದಾರಿ ಕಾಲಿಡಲು ಸಾಧ್ಯವಾಗುವ ಹಾಗಿದ್ದರೆ ತಾನೇ ಜನ ಅದರಲ್ಲಿ ಹೋಗುವುದು. ವರ್ಮಾಂಟಿನವರು ಅಲ್ಲಲ್ಲಿ ಹಲಗೆ ಹಾಸುತ್ತಾರೆ, ಹಾಸುಗಲ್ಲು ಇಡುತ್ತಾರೆ, ದಾರಿಗೆ ಓರೆಯಾಗಿ ದಿಮ್ಮಿ ಹೂತು ನೀರನ್ನು ಬದಿಗೆ ತಿರುಗಿಸುತ್ತಾರೆ. ನಮ್ಮ ಮಳೆಗೆ ಹಲಗೆ ಬೇಗ ಲಡ್ಡಾಗುತ್ತದೆ, ಪಾಚಿ ಹಿಡಿದು ಜಾರುವುದು ಬೇರೆ. ಸಿಮೆಂಟು ಮೆಟ್ಟಿಲಿನ ಆಸೆಯಂತೂ ಯಾರಿಗೂ ಬಾರದಿರಲಿ. ಕಲ್ಲು ಮಾತ್ರ ಬೇಕಾದಷ್ಟಿದೆ, ಅದಕ್ಕಿಂತ ಹೆಚ್ಚಾಗಿ ಕೆಲಸ ಗೊತ್ತಿರುವ ಕೈಗಳಿವೆ. ಮಳೆ ಹಿಡಿಯುವ ಮುಂಚೆ ಅಡಿಕೆ ತೋಟದ ಬಸಿಗಾಲುವೆ ಬಿಡಿಸುವುದು ಇಲ್ಲಿ ವರ್ಷವರ್ಷದ ಕೆಲಸ. ನೀರು ಎಲ್ಲಿ ಕೂರುತ್ತದೆ, ಎಷ್ಟು ಓರೆ ಕೊಟ್ಟರೆ ಮಣ್ಣು ಕೊಚ್ಚದೆ ನೀರು ಮಾತ್ರ ಹೋಗುತ್ತದೆ ಅನ್ನುವುದು ಆ ಕೆಲಸದವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಚಾರಣಿಗರು ಕಟ್ಟುವ ಶುಲ್ಕದಲ್ಲಿ ಒಂದು ಪಾಲು, ಮೃಗಶಿರೆ ಹುಟ್ಟುವ ಮುಂಚಿನ ಎರಡು ವಾರ, ಹಾರೆ, ಗುದ್ದಲಿ ಹಿಡಿದ ಹತ್ತು ಜನ ಸಿಕ್ಕರೆ ಶೋಲಾ ಮುಗಿದು ಹುಲ್ಲು ಶುರುವಾಗುವ ಮೆಟ್ಟಿಲುಗಳಲ್ಲೆಲ್ಲ ಮೇಲ್ಬದಿಗೊಂದು ಓರೆ ಕಾಲುವೆ ತೋಡಿ, ನಡುವಿನ ಗುಳಿಗೆ ನಾಲ್ಕು ಕಲ್ಲು ಕೂರಿಸಿ, ಪಕ್ಕದ ಮೂರು ಜಾಡುಗಳಿಗೆ ಮುಳ್ಳು ಹಾಕಿ ಬರಬಹುದು. ಗದ್ದೆಗೆ ಟಿಲ್ಲರ್ ಇಳಿಯುವಷ್ಟರಲ್ಲಿ ಅವರು ಕೆಳಗೆ ಬಂದಿರುತ್ತಾರೆ.